ಫ್ಲಾಸ್ಕ್‌ನಲ್ಲಿ ಶ್ವಾಸಕೋಶದ ಜೀವಕೋಶ: ಬೆಳೆಸುವುದು, ಕಾಪಾಡುವುದು

ಪ್ರಯೋಗಾಲಯದಲ್ಲಿ ಮನುಷ್ಯನ ಶ್ವಾಸಕೋಶದ ಜೀವಕೋಶ ಬೆಳೆಸುವುದು ಅಷ್ಟೇನೂ ಕಷ್ಟವಲ್ಲ. ತಿಂಗಳುಗಟ್ಟಲೆ ಅದನ್ನು ಅದೇ ಜೀವಕೋಶವಾಗಿ ಉಳಿಸಿಕೊಳ್ಳುವುದು ಕಷ್ಟ. ಕೆಳಗಿನ ಪ್ರತಿ ಹಂತವೂ ಇದಕ್ಕಾಗಿಯೇ.

ಮೊದಲು ಯಾವ ಸೆಲ್ ಲೈನ್ (ಒಂದೇ ಮೂಲದಿಂದ ಬೆಳೆಸಿಕೊಂಡು ಬಂದ ಜೀವಕೋಶಗಳ ಸಂತತಿ) ಎಂದು ತೀರ್ಮಾನಿಸಿ. 1972ರಲ್ಲಿ ಶ್ವಾಸಕೋಶದ ಗೆಡ್ಡೆಯೊಂದರಿಂದ ಪಡೆದ ಎ549 ಕ್ಯಾನ್ಸರ್ ಜೀವಕೋಶ. ಸುಮಾರು ಒಂದು ದಿನಕ್ಕೆ ಇಮ್ಮಡಿಯಾಗುತ್ತದೆ, ವಿಭಜನೆಗೆ ಕೊನೆಯೇ ಇಲ್ಲ. ಹೊಸಬರಿಗೆ ಇದೇ ಸೂಕ್ತ. 1966ರಲ್ಲಿ ಭ್ರೂಣದ ಶ್ವಾಸಕೋಶದಿಂದ ಬಂದ ಎಂಆರ್‌ಸಿ-5 ಕ್ಯಾನ್ಸರ್ ಅಲ್ಲದ ಫೈಬ್ರೊಬ್ಲಾಸ್ಟ್, ಅಂದರೆ ಸಂಯೋಜಕ ಅಂಗಾಂಶದ ಜೀವಕೋಶ. 42ರಿಂದ 46 ಬಾರಿ ಇಮ್ಮಡಿಯಾದ ಮೇಲೆ ಸೊರಗತೊಡಗುತ್ತದೆ. ಅದಕ್ಕೆ ಕಾರಣ ನಿಮ್ಮ ಆರೈಕೆಯ ಕೊರತೆಯಲ್ಲ, ಸಹಜ ಜೀವಕೋಶದ ಆಯುಷ್ಯವೇ ಅಷ್ಟು. ವಿಜ್ಞಾನಿ ಲಿಯೊನಾರ್ಡ್ ಹೇಫ್ಲಿಕ್ 1960ರ ದಶಕದ ಆರಂಭದಲ್ಲಿ ತೋರಿಸಿದ್ದು ಈ ಮಿತಿಯನ್ನೇ.

ಲೈನ್ ಯಾವುದೇ ಇರಲಿ, ಮಾನವ ಮೂಲದ್ದು. ಕೈಗವಸು, ಏಪ್ರನ್, ಎರಡನೇ ದರ್ಜೆಯ ಜೈವಿಕ ಸುರಕ್ಷತಾ ಕ್ಯಾಬಿನೆಟ್ ಇಲ್ಲದೆ ಮುಟ್ಟಬೇಡಿ. ಒಳಗೆ ಹೋಗುವ ಪ್ರತಿ ವಸ್ತುವನ್ನೂ ಶೇ 70ರ ಆಲ್ಕೊಹಾಲ್‌ನಿಂದ ಒರೆಸಿ.

ಕರಗಿಸುವುದು

ದ್ರವ ಸಾರಜನಕದಿಂದ ತೆಗೆದ ವಯಲ್ (ಹೆಪ್ಪುಗಟ್ಟಿಸಿದ ಜೀವಕೋಶಗಳಿರುವ ಸಣ್ಣ ಕೊಳವೆ) ಸಿಡಿಯುವ ಸಾಧ್ಯತೆ ಇರುವುದರಿಂದ ಮುಖಕವಚ ಕಡ್ಡಾಯ. ಮುಚ್ಚಳ ನೀರಿಗೆ ತಾಗದಂತೆ 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಎರಡು ನಿಮಿಷ ಅಲುಗಾಡಿಸಿ. ಸಣ್ಣ ಮಂಜಿನ ಚೂರು ಉಳಿದಿರುವಾಗಲೇ ಹೊರತೆಗೆಯಿರಿ. ಇಲ್ಲಿ ತಡಮಾಡಬಾರದು, ಏಕೆಂದರೆ ಹೆಪ್ಪುಗಟ್ಟುವಾಗ ಜೀವಕೋಶವನ್ನು ಕಾಪಾಡಿದ ಡಿಎಂಎಸ್‌ಒ ಎಂಬ ದ್ರಾವಕ, ಕರಗಿದ ಮೇಲೆ ಅದಕ್ಕೇ ವಿಷ. ಬೆಚ್ಚಗಿನ 9 ಮಿ.ಲೀ. ಮೀಡಿಯಂಗೆ (ಜೀವಕೋಶ ಬೆಳೆಯುವ ಪೋಷಕ ದ್ರವ) ಸುರಿದು, ನಿಧಾನ ವೇಗದಲ್ಲಿ ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ತೆಗೆದು, ಹೊಸ ಮೀಡಿಯಂನೊಂದಿಗೆ ಫ್ಲಾಸ್ಕ್‌ಗೆ ಹಾಕಿ. ಎ549ಗೆ ಎಫ್-12ಕೆ ಮೀಡಿಯಂ, ಜೊತೆಗೆ ಶೇ 10 ಕರುವಿನ ಭ್ರೂಣದ ಸೀರಂ (ರಕ್ತದ ತಿಳಿದ್ರವ). ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್.

ದಿನವೂ ನೋಡುವುದು

ಯಾವ ಉಪಕರಣಕ್ಕಿಂತಲೂ ಈ ಅಭ್ಯಾಸವೇ ದೊಡ್ಡದು ಎಂಬುದು ನನ್ನ ದೃಢ ಅಭಿಪ್ರಾಯ. ಮೀಡಿಯಂನಲ್ಲಿರುವ ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಕೆಂಪಾಗಿದ್ದರೆ ಸರಿ. ಹಳದಿಗೆ ತಿರುಗಿದರೆ ಆಮ್ಲ ಹೆಚ್ಚಿದೆ, ನೇರಳೆಯಾದರೆ ಅನಿಲದ ಪೂರೈಕೆ ತಪ್ಪಿದೆ. ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ ಎಂದೇ ತಿಳಿದು, ಉಳಿಸಲು ಹೋಗದೆ ಬ್ಲೀಚ್ ಹಾಕಿ ಎಸೆಯಿರಿ. ಆಮೇಲೆ ಸೂಕ್ಷ್ಮದರ್ಶಕ. ಆರೋಗ್ಯವಂತ ಎ549 ತಳಕ್ಕೆ ಅಂಟಿಕೊಂಡು, ಕಲ್ಲುಹಾಸಿನಂತೆ ಒಂದಕ್ಕೊಂದು ತಾಗಿ ಹರಡಿರುತ್ತದೆ; ಎಂಆರ್‌ಸಿ-5 ಉದ್ದುದ್ದ ಕದಿರಿನಾಕಾರ. ವಾರಕ್ಕೆ ಎರಡು-ಮೂರು ಬಾರಿ ಮೀಡಿಯಂ ಬದಲಿಸಿ.

ಪ್ಯಾಸೇಜ್

ಫ್ಲಾಸ್ಕ್‌ನ ತಳದ ಶೇ 80ರಷ್ಟು ತುಂಬಿದಾಗಲೇ ಜೀವಕೋಶಗಳನ್ನು ಬೇರ್ಪಡಿಸಿ ಹೊಸ ಫ್ಲಾಸ್ಕ್‌ಗಳಿಗೆ ಹಂಚಿ; ಇದೇ ಪ್ಯಾಸೇಜ್. ಪೂರ್ತಿ ತುಂಬಲು ಬಿಟ್ಟರೆ ಜೀವಕೋಶಗಳ ವರ್ತನೆ ಬದಲಾಗುತ್ತದೆ. ಶ್ವಾಸನಾಳದ ಒಳಪದರದ ಬಿಯಾಸ್-2ಬಿ ಲೈನ್‌ನ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಹಳೆಯ ಮೀಡಿಯಂ ತೆಗೆದು, ಕ್ಯಾಲ್ಸಿಯಂ-ಮೆಗ್ನೀಸಿಯಂ ಇಲ್ಲದ ಪಿಬಿಎಸ್ ಎಂಬ ಲವಣ ದ್ರಾವಣದಿಂದ ತೊಳೆಯಿರಿ. ಇದನ್ನು ಬಿಟ್ಟವರೇ ‘ಟ್ರಿಪ್ಸಿನ್ ಕೆಲಸ ಮಾಡುತ್ತಿಲ್ಲ’ ಎನ್ನುವುದು ಹೆಚ್ಚು. ಜೀವಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ನನ್ನು ಉಳಿದ ಸೀರಂ ತಡೆದಿರುತ್ತದೆ. 75 ಚದರ ಸೆಂ.ಮೀ. ಫ್ಲಾಸ್ಕ್‌ಗೆ ಶೇ 0.25ರ ಟ್ರಿಪ್ಸಿನ್-ಇಡಿಟಿಎ 2–3 ಮಿ.ಲೀ. ಸಾಕು. ಜೀವಕೋಶಗಳು ದುಂಡಗಾಗಿ ತೇಲುವವರೆಗೆ ಕಾಯಿರಿ. ಫ್ಲಾಸ್ಕನ್ನು ಜೋರಾಗಿ ಬಡಿದರೆ ಗುಂಪುಗಟ್ಟುತ್ತವೆ. ಬೇರ್ಪಟ್ಟ ಕೂಡಲೇ ಸೀರಂ ಇರುವ ಮೀಡಿಯಂ ಹಾಕಿ ಟ್ರಿಪ್ಸಿನ್‌ನ ಕೆಲಸ ನಿಲ್ಲಿಸಿ.

ಸಮಪ್ರಮಾಣದ ಟ್ರಿಪಾನ್ ಬ್ಲೂ ಬಣ್ಣ ಬೆರೆಸಿ ಹೀಮೊಸೈಟೋಮೀಟರ್‌ನಲ್ಲಿ (ಚೌಕಗಳಿರುವ ಎಣಿಕೆಯ ಗಾಜು) ಎಣಿಸಿ. ಸತ್ತವು ನೀಲಿಯಾಗುತ್ತವೆ. ಮೂಲೆಯ ದೊಡ್ಡ ಚೌಕಗಳಲ್ಲಿ ಬದುಕಿರುವವುಗಳ ಸರಾಸರಿಯನ್ನು 2ರಿಂದ, ನಂತರ 10,000ದಿಂದ ಗುಣಿಸಿದರೆ ಒಂದು ಮಿ.ಲೀ.ಗೆ ಎಷ್ಟು ಎಂದು ಸಿಗುತ್ತದೆ. ಎ549ಯ ಒಂದು ಫ್ಲಾಸ್ಕನ್ನು ಮೂರರಿಂದ ಎಂಟು ಫ್ಲಾಸ್ಕ್‌ಗಳಿಗೆ ಹಂಚಬಹುದು. ಲೈನ್ ಹೆಸರು, ಪ್ಯಾಸೇಜ್ ಸಂಖ್ಯೆ (ಎಷ್ಟನೇ ಬಾರಿಯ ಹಂಚಿಕೆ), ದಿನಾಂಕವನ್ನು ಫ್ಲಾಸ್ಕ್ ಮೇಲೆ ಆಗಲೇ ಬರೆಯಿರಿ.

ದಾಸ್ತಾನು ಮತ್ತು ಗುರುತು

ಪ್ಯಾಸೇಜ್ ಸಂಖ್ಯೆ ಕಡಿಮೆ ಇರುವಾಗಲೇ ವಯಲ್‌ಗೆ ಸುಮಾರು ಹತ್ತು ಲಕ್ಷ ಜೀವಕೋಶಗಳಂತೆ, ಶೇ 5ರಿಂದ 10 ಡಿಎಂಎಸ್‌ಒ ಇರುವ ಮೀಡಿಯಂನಲ್ಲಿ ಹೆಪ್ಪುಗಟ್ಟಿಸಿ. ತಾಪ ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಯಬೇಕು. ಐಸೊಪ್ರೊಪನಾಲ್ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಮೈನಸ್ 80ರಲ್ಲಿ, ಬಳಿಕ ದ್ರವ ಸಾರಜನಕದ ಆವಿಯಲ್ಲಿ.

ಕಣ್ಣಿಗೆ ಕಾಣದ ಶತ್ರು ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ. ಮೀಡಿಯಂ ಮಬ್ಬಾಗುವುದಿಲ್ಲ, ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ನಾಟುವುದಿಲ್ಲ. ಆದರೂ ಜೀವಕೋಶದ ಚಯಾಪಚಯವನ್ನೇ ಬದಲಿಸಿ ಪ್ರಯೋಗವನ್ನು ಹಾಳುಗೆಡವುತ್ತದೆ. ನಿಯಮಿತವಾಗಿ ಅದರ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಸಿ. ಹೊಸದಾಗಿ ಬಂದ ಲೈನನ್ನು ಫಲಿತಾಂಶ ಬರುವವರೆಗೆ ಪ್ರತ್ಯೇಕ ಇನ್‌ಕ್ಯುಬೇಟರ್‌ನಲ್ಲಿಡಿ.

1966ರಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಪರೀಕ್ಷಿಸಿದಾಗ, ಬೇರೆ ಬೇರೆ ಎಂದು ನಂಬಿದ್ದ 18 ಲೈನ್‌ಗಳೂ ಹೀಲಾ (ವೇಗವಾಗಿ ಬೆಳೆಯುವ ಗರ್ಭಕಂಠದ ಕ್ಯಾನ್ಸರ್ ಲೈನ್) ಜೀವಕೋಶಗಳೇ ಎಂಬ ಸುಳಿವು ಸಿಕ್ಕಿತ್ತು. ಅಂಥ ಬೆರಕೆ ಇಂದಿಗೂ ನಡೆಯುತ್ತದೆ. ಕ್ಯಾಬಿನೆಟ್‌ನಲ್ಲಿ ಒಮ್ಮೆಗೆ ಒಂದೇ ಲೈನ್ ಇರಲಿ, ಮೀಡಿಯಂ ಬಾಟಲಿಯೂ ಒಂದೊಂದಕ್ಕೂ ಬೇರೆ. ದಾಸ್ತಾನು ಮಾಡುವಾಗ ಒಮ್ಮೆ, ಫಲಿತಾಂಶ ಪ್ರಕಟಿಸುವ ಮೊದಲು ಮತ್ತೊಮ್ಮೆ ಎಸ್‌ಟಿಆರ್ ಡಿಎನ್‌ಎ ಪರೀಕ್ಷೆ (ಲೈನ್‌ನ ಡಿಎನ್‌ಎ ಗುರುತು ತಿಳಿಸುವ ಪರೀಕ್ಷೆ) ಮಾಡಿಸಿ, ಸೆಲ್ ಬ್ಯಾಂಕ್‌ನ ದಾಖಲೆಯೊಂದಿಗೆ ಹೋಲಿಸಿ. ತಾಳೆಯಾಗದಿದ್ದರೆ ಆ ಲೈನನ್ನು ಕೈಬಿಟ್ಟು, ಹಳೆಯ ವಯಲ್ ಒಂದನ್ನು ಕರಗಿಸಿ ಮೊದಲಿನಿಂದ ಶುರುಮಾಡಿ.