ಕಿಡ್ನಿ ಕಸಿಯ ಬಳಿಕ ತೋಟದ ಮನೆಯಲ್ಲಿ

ಅಕ್ಕ ಕೊಟ್ಟ ಕಿಡ್ನಿಯನ್ನು ಕಸಿ ಮಾಡಿಸಿಕೊಂಡು, ಮಂಗಳೂರಿನ ಆಸ್ಪತ್ರೆಯ ಸಮೀಪದ ಬಾಡಿಗೆ ಕೋಣೆಯಲ್ಲಿ ಕೆಲವು ತಿಂಗಳು ಕಳೆದ ಮೇಲೆ, ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿಯ ನಮ್ಮ ಮನೆಗೆ ಮರಳಲು ವೈದ್ಯರು ಒಪ್ಪಿದಾಗ ಮನೆಯವರೆಲ್ಲ ಚಿಕಿತ್ಸೆ ಮುಗಿಯಿತೆಂದೇ ಭಾವಿಸಿದ್ದರು. ನಿಜವಾಗಿ, ಅದುವರೆಗೆ ನರ್ಸುಗಳೂ ಲ್ಯಾಬಿನವರೂ ವಾರ್ಡಿನ ಕಾವಲುಗಾರರೂ ಮಾಡುತ್ತಿದ್ದ ಕೆಲಸಗಳೆಲ್ಲ ಅಂದಿನಿಂದ ನಮ್ಮ ಪಾಲಿಗೆ ಬಂದವು. ಅವನ್ನು ಅಡಿಕೆ ತೋಟ, ಹಟ್ಟಿ, ಸುರಂಗದ ನೀರು ಇರುವ ಮನೆಗೆ ಹೊಂದಿಸಿಕೊಂಡ ಬಗೆಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಔಷಧದ ಪ್ರಮಾಣವನ್ನು ಅವರವರ ವೈದ್ಯರೇ ಹೇಳಬೇಕು.

ಮೊದಲು ಸರಿಪಡಿಸಿದ್ದು ನೀರನ್ನು. ಗುಡ್ಡದ ಸುರಂಗದಿಂದ ಹರಿದು ಬರುವ ನೀರನ್ನು ಅಜ್ಜನ ಕಾಲದಿಂದಲೂ ಹಾಗೆಯೇ ಕುಡಿದವರು ನಾವು. ಈಗ ಅದನ್ನು ಚೆನ್ನಾಗಿ ಕೊತಕೊತ ಕುದಿಸಿ, ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಆರಿಸಿ, ನನಗೆಂದೇ ಬೇರೆ ಇಡುತ್ತಾರೆ. ಮಜ್ಜಿಗೆಯೂ ಕಾಯಿಸಿದ ಹಾಲಿನದ್ದೇ ಆಗಬೇಕು. ಅಂಗಳದಂಚಿನ ಚಕ್ಕೋತದ ಮರದಲ್ಲಿ ಹಣ್ಣು ತುಂಬಿದ್ದರೂ ನನಗೆ ಅದು ವರ್ಜ್ಯ, ಏಕೆಂದರೆ ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಟ್ಯಾಕ್ರೋಲಿಮಸ್‌ನ ಮಟ್ಟವನ್ನು ಆ ಹಣ್ಣು ರಕ್ತದಲ್ಲಿ ಏರಿಸಬಲ್ಲದು.

ಈ ಟ್ಯಾಕ್ರೋಲಿಮಸ್ ಎಂಬ ಮಾತ್ರೆಯ ಸುತ್ತಲೇ ನಮ್ಮ ಮನೆಯ ದಿನಚರಿ ತಿರುಗುತ್ತದೆ. ಅದರ ಮಟ್ಟ ಇಳಿದರೆ ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸುವ ಅಪಾಯ. ಏರಿದರೆ ಅದೇ ಕಿಡ್ನಿಗೆ ಹಾನಿ, ಜೊತೆಗೆ ಕೈನಡುಕ. ನನಗೆ ಮಟ್ಟ ಹೆಚ್ಚಿದ್ದಾಗ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು ಆಗುತ್ತಿರಲಿಲ್ಲ. ಬೆರಳ ತುದಿ ಅದುರಿ ಅಡಿಕೆ ಜಾರುತ್ತಿತ್ತು. ಬೆಳಗ್ಗೆ 9ಕ್ಕೆ, ರಾತ್ರಿ 9ಕ್ಕೆ, ಊಟದಿಂದ ಪ್ರತಿದಿನ ಒಂದೇ ಅಂತರದಲ್ಲಿ ಅದನ್ನು ನುಂಗುತ್ತೇನೆ. ಯಕ್ಷಗಾನಕ್ಕೆ ಹೋದರೂ ಮಾತ್ರೆಯ ಡಬ್ಬಿ ಅಂಗಿಯ ಕಿಸೆಯಲ್ಲಿರುತ್ತದೆ. ಮಟ್ಟ ನೋಡುವ ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ನುಂಗದೆ, ಹಿಂದಿನ ರಾತ್ರಿಯ ಮಾತ್ರೆಗೆ 12 ಗಂಟೆ ತುಂಬುವ ಹೊತ್ತಿಗೆ ರಕ್ತ ಕೊಟ್ಟು, ಆಮೇಲೆ ನುಂಗಬೇಕು; ಆದುದರಿಂದ ಆ ದಿನ ಬೇಗನೆ ಬಸ್ಸು ಹಿಡಿಯುವುದು ಅನಿವಾರ್ಯ. ಮೆಡಿಕಲ್ ಶಾಪಿನವರು ಬೇರೆ ಕಂಪೆನಿಯದ್ದನ್ನು ಕೊಡಲು ಬಂದರೆ ವೈದ್ಯರನ್ನು ಕೇಳದೆ ಒಪ್ಪುವುದಿಲ್ಲ.

ಒಂದು ತಿಂಗಳ ಮಾತ್ರೆ ಯಾವಾಗಲೂ ಮನೆಯಲ್ಲಿರಬೇಕೆಂಬುದು ನಾನೇ ಮಾಡಿಕೊಂಡ ನಿಯಮ. ನಮ್ಮ ಕಡೆ ಹರತಾಳ ಹೊಸತಲ್ಲ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಹೊಸತಲ್ಲ. 2020ರಲ್ಲಿ ಕೇರಳ, ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಕಂಡವರಿಗೆ ಇದು ಅತಿಯಾದ ಎಚ್ಚರಿಕೆ ಎನ್ನಿಸಲಾರದು.

ನೀರು, ಮಾತ್ರೆಗಳಿಗಿಂತ ಕಷ್ಟವಾದದ್ದು ಪ್ರೀತಿಯಿಂದ ನೋಡಲು ಬರುವವರನ್ನು ನಿಭಾಯಿಸುವುದು. ಅವರಿಗೆ ಜಗಲಿಯಲ್ಲಿಯೇ ಆಸನ, ನನಗೆ ಮಾಸ್ಕ್; ಶೀತ, ಕೆಮ್ಮು ಇರುವವರು ಫೋನಿನಲ್ಲೇ ಮಾತಾಡಬೇಕೆಂದು ಅಮ್ಮ ಮೊದಲೇ ತಿಳಿಸಿಬಿಡುತ್ತಿದ್ದರು. ನೀರ್ಚಾಲಿನ ದೊಡ್ಡಮ್ಮ ಒಮ್ಮೆ ಅಮೃತಬಳ್ಳಿಯ ಕಷಾಯ ಮಾಡಿಯೇ ತಂದರು. “ರೋಗವನ್ನು ತಡೆಯುವ ಶಕ್ತಿ ಬರುತ್ತದೆ ಮಗಾ, ಕುಡಿ” ಎಂದರು. “ದೊಡ್ಡಮ್ಮ, ಆ ಶಕ್ತಿಯನ್ನು ತಗ್ಗಿಸುವುದಕ್ಕೇ ನಾನು ಇಷ್ಟೊಂದು ಮಾತ್ರೆ ನುಂಗುವುದು” ಎಂದಾಗ ಅವರಿಗೆ ನಗಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ. ಕೊನೆಗೆ ಕಷಾಯವನ್ನು ಅಪ್ಪನೇ ಕುಡಿದರು.

ತೋಟದ ಕೆಲಸವನ್ನು ವೈದ್ಯರ ಒಪ್ಪಿಗೆ ಪಡೆದು ಹಂತಹಂತವಾಗಿ ಆರಂಭಿಸಿದೆ. ಹಟ್ಟಿಯ ಗೊಬ್ಬರ ತೆಗೆಯುವುದನ್ನೂ ಬೂಸ್ಟು ಹಿಡಿದ ಬೈಹುಲ್ಲು ಕೊಡಹುವುದನ್ನೂ ಪೂರ್ತಿ ಬಿಟ್ಟಿದ್ದೇನೆ, ಏಕೆಂದರೆ ಅಲ್ಲಿಂದ ಏಳುವ ಶಿಲೀಂಧ್ರದ ಧೂಳು ನನ್ನಂಥವರ ಶ್ವಾಸಕೋಶದಲ್ಲಿ ನೆಲೆಯೂರಬಹುದು. ಇಲಿ ಜ್ವರದ ಭಯದಿಂದ ಮಳೆಗಾಲದಲ್ಲಿ ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವುದಿಲ್ಲ, ಗಂಬೂಟು ಬೇಕೇ ಬೇಕು. ಈ ಮಾತ್ರೆಗಳಿಂದ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುವುದರಿಂದ ಬಿಸಿಲಿಗೆ ಉದ್ದ ತೋಳಿನ ಅಂಗಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ.

ಪ್ರತಿದಿನ ಬೆಳಗ್ಗೆ ತೂಕ, ರಕ್ತದೊತ್ತಡ, ಜ್ವರ, ಮೂತ್ರದ ಪ್ರಮಾಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ತೂಕ ಒಮ್ಮೆಲೇ ಏರಿ ಕಾಲು ಊದಿದರೆ ಅಥವಾ ಕಸಿ ಮಾಡಿದ ಕಡೆ ನೋವು ಕಾಣಿಸಿಕೊಂಡರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕಸಿ ವಿಭಾಗಕ್ಕೆ ಫೋನು ಮಾಡುವುದು. ಒಮ್ಮೆ ಹಲ್ಲುನೋವಿಗೆ ಸಮೀಪದ ಕ್ಲಿನಿಕ್ಕೊಂದರಲ್ಲಿ ಡೈಕ್ಲೋಫೆನಾಕ್ ಬರೆದುಕೊಟ್ಟರು. ನಾನು ಕಸಿಯ ಕಾರ್ಡು ತೋರಿಸಿದ ಮೇಲೆ ಅದನ್ನು ಹೊಡೆದುಹಾಕಿ ಪ್ಯಾರಸಿಟಮಾಲ್ ಬರೆದರು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಕೆಟ್ಟವು. ಆಂಟಿಬಯಾಟಿಕ್ ಆದ ಕ್ಲಾರಿತ್ರೋಮೈಸಿನ್, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಟ್ಯಾಕ್ರೋಲಿಮಸ್‌ನ ಮಟ್ಟವನ್ನು ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಈ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಕಾರ್ಡಿನ ಹಿಂದೆ ಅಂಟಿಸಿದ್ದೇನೆ.

ಇಷ್ಟೆಲ್ಲ ಗಡಿಬಿಡಿಯಲ್ಲಿ ಕಿಡ್ನಿ ಕೊಟ್ಟವರನ್ನು ಮರೆಯುವ ಸಂಭವವಿದೆ. ಆಸ್ಪತ್ರೆಯಿಂದ ಬೇಗ ಬಿಡುಗಡೆಯಾದ ಅಕ್ಕನನ್ನು ಊರವರು ಗುಣವಾದವಳೆಂದೇ ಎಣಿಸಿದ್ದರು, ಆದರೆ ಅವಳಿಗೂ ಕೆಲವು ವಾರ ಭಾರ ಎತ್ತುವಂತಿರಲಿಲ್ಲ, ಒಂದೇ ಕಿಡ್ನಿಯಾದ್ದರಿಂದ ನೋವಿನ ಮಾತ್ರೆಗಳ ಎಚ್ಚರ ಅವಳಿಗೂ ಬೇಕು. ವರ್ಷಕ್ಕೊಮ್ಮೆ ಅವಳ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಪರೀಕ್ಷೆ), ರಕ್ತದೊತ್ತಡ, ಮೂತ್ರದ ಪ್ರೋಟೀನ್ ನೋಡಿಸಬೇಕು. “ನನಗೇನಾಗಿದೆ, ಸುಮ್ಮನಿರು” ಎಂದು ಅವಳು ತಪ್ಪಿಸಿಕೊಳ್ಳುವುದರಿಂದ, ನನ್ನ ತಪಾಸಣೆಯ ದಿನಕ್ಕೇ ಅವಳದನ್ನೂ ಗೊತ್ತುಮಾಡಿ ಇಬ್ಬರೂ ಒಂದೇ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತೇವೆ.