ನಮ್ಮ ಹಿತ್ತಲಲ್ಲಿ ಜವಾರಿ ಗಜ್ಜರಿ ಬಂತು

ಹಿತ್ತಲಲ್ಲಿ ಗಜ್ಜರಿ ಬರುವುದಿಲ್ಲ ಅಂತ ನನಗೆ ಹೇಳಿದವರು ಬಹಳ ಜನ. ಬೀಜದ ಅಂಗಡಿಯವರು "ಜವಾರಿ ಯಾಕ್ರೀ, ಹೈಬ್ರಿಡ್ ಒಯ್ರಿ, ಚಲೋ ಬರ್ತಾವ" ಅಂದರು. ಪಕ್ಕದ ಮನೆಯವರು ನಕ್ಕರು. ನಮ್ಮ ಮನೆಯವರಂತೂ ನೀರಿನ ಬಿಲ್ ಬಂದಾಗಲೆಲ್ಲ ನೆನಪು ಮಾಡಿದರು. ಈ ಸಲ ಭೋಗಿಗೆ ಅದೇ ಹಿತ್ತಲಿನ ಕೆಂಪು ಗಜ್ಜರಿ ನಾಲ್ಕೈದು ಮನೆಗೆ ಹೋಯಿತು. ಬಿಲ್ಲಿನ ಮಾತು ಅಲ್ಲಿಗೆ ನಿಂತಿದೆ.

ಮಡಿ ಮಾಡುವುದು, ಕಸ ತೆಗೆಯುವುದು ನಿಮಗೆ ಗೊತ್ತೇ ಇರುತ್ತದೆ. ಎಲ್ಲಿ ಕೈಕೊಟ್ಟಿತು, ಎಲ್ಲಿ ದುಡ್ಡು ಹೋಯಿತು, ಅದನ್ನಷ್ಟೇ ಬರೆಯುತ್ತೇನೆ.

ದುಡ್ಡು ಮೊದಲು ಹೋದದ್ದು ಬಣ್ಣಬಣ್ಣದ ಪ್ಯಾಕೆಟ್‌ಗಳಿಗೆ. ನೇರಳೆ, ಬಿಳಿ, ಹಳದಿ, ಕೆಂಪು, ಎಲ್ಲವನ್ನೂ ಆನ್‌ಲೈನ್‌ನಲ್ಲಿ ತರಿಸಿದೆ. ಒಂದೊಂದಕ್ಕೆ 120 ರೂಪಾಯಿ ಹತ್ತಿರ, ಒಳಗೆ 50 ಬೀಜ ಇದ್ದರೆ ಹೆಚ್ಚು. ಎಲ್ಲ ಸೇರಿ ಹುಟ್ಟಿದ್ದು ಒಂದು ಹಿಡಿಯೂ ಇಲ್ಲ. ಗಜ್ಜರಿ ಬೀಜಕ್ಕೆ ಆಯುಷ್ಯ ಕಡಿಮೆ, ಎರಡು-ಮೂರು ವರ್ಷ ಆಯಿತು ಅಂದರೆ ಮೊಳಕೆ ಚೆನ್ನಾಗಿ ಇಳಿದುಬಿಡುತ್ತದೆ. ಪ್ಯಾಕೆಟ್ ಮೇಲೆ ಅದನ್ನು ತುಂಬಿದ ತಾರೀಖು ಇತ್ತು, ಬೀಜ ಯಾವ ವರ್ಷದ್ದು ಅಂತ ಇರಲಿಲ್ಲ. ಕೇಳಿದ್ದಕ್ಕೆ ಉತ್ತರವೂ ಬರಲಿಲ್ಲ ಬಿಡಿ.

ಮೇಲಿಂದ ಮಣ್ಣು. ನಮ್ಮದು ಧಾರವಾಡ. ಹಿತ್ತಲಲ್ಲಿ ಅರ್ಧ ಎರೆಮಣ್ಣು, ಇನ್ನರ್ಧ ಮನೆ ಕಟ್ಟುವಾಗ ಹಾಕಿದ ಗರಸು. ಮೊದಲ ಸಲ ಬಂದ ಗಡ್ಡೆಗಳು ಎರಡು ಕಾಲು, ಮೂರು ಕಾಲು. ಹಾಲು ಹಾಕುವ ಕಾಕಾ ನೋಡಿ, "ಅಕ್ಕಾರ, ಗಜ್ಜರಿ ನಡಕೋತ ಹೋಗ್ತಾವ್ರೀ" ಅಂದ. ಗರಸು ಒಂದು ಕಾರಣ, ಹಸಿ ಗೊಬ್ಬರ ಇನ್ನೊಂದು. ಪೂರ್ತಿ ಕಳಿಯದ ಗೊಬ್ಬರ ಇದ್ದರೆ ಬೇರು ಕವಲೊಡೆಯುವುದು ಹೆಚ್ಚು. ಈಗ ಗಜ್ಜರಿ ಮಡಿಗೆ ನೇರವಾಗಿ ಗೊಬ್ಬರ ಹಾಕುವುದೇ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಚೆಂಡು ಹೂ ಹಾಕಿ ಅದಕ್ಕೆ ಗೊಬ್ಬರ ಕೊಡುತ್ತೇನೆ. ಹೂ ಕಿತ್ತ ಮೇಲೆ ಗಜ್ಜರಿ. ಬದನೆ, ಟೊಮೆಟೊ ಬೆಳೆದ ಜಾಗದಲ್ಲಿ ಹಾಕಿದಾಗ ಬೇರಿನ ತುಂಬ ಗಂಟು ಬಂದಿತ್ತು. ಚೆಂಡು ಹೂವಿನ ಮೇಲೆ ಹಾಕಿದಾಗಿನಿಂದ ಬಹಳ ಕಡಿಮೆ.

ಮಣ್ಣನ್ನು ಒಂದು ಅಡಿ ತೆಗೆದು, ಜರಡಿ ಹಿಡಿದು, ಮೂರರಲ್ಲೊಂದು ಪಾಲು ಉಸುಕು ಸೇರಿಸಿದೆ. ಉಸುಕಿಗೆ ಟಂಟಂ ಬಾಡಿಗೆ ಸೇರಿ 1,500 ಆಯಿತು. ಆ ವರ್ಷದ ಖರ್ಚೆಲ್ಲ ಕೂಡಿದರೆ ಎರಡೂವರೆ ಸಾವಿರದ ಮೇಲೆ. ಬಂದದ್ದು ಮೂರು ಕಿಲೋ. ಕಿಲೋಗೆ 800ರ ಮೇಲೆ ಬಿತ್ತು. ಆಗ ಸಂತೆಯಲ್ಲಿ 50ಕ್ಕೆ ಕಿಲೋ ಇತ್ತು, ಇದನ್ನು ಮನೆಯವರು ಇನ್ನೂ ಮರೆತಿಲ್ಲ.

ದಾರಿ ಸಿಕ್ಕಿದ್ದು ಗೋಕಾಕ ಕಡೆಯ ಬೀಗರು ಒಂದು ಚೀಟಿ ಬೀಜ ಕೊಟ್ಟ ಮೇಲೆ. ಅವರ ಹೊಲದಲ್ಲಿ ಉಳ್ಳಾಗಡ್ಡಿ ಮಡಿಯ ಬದುವಿಗೆ ಗಜ್ಜರಿ ಹಾಕುವುದು ಅತ್ತೆಯವರ ಕಾಲದಿಂದ ಬಂದದ್ದು. ಬೀಜ ಕೈಗೆ ತಗೊಂಡರೆ ಅಂಟಿಕೊಳ್ಳುತ್ತದೆ, ಮೈ ತುಂಬ ಸಣ್ಣ ಮುಳ್ಳು. ಅಂಗಡಿ ಬೀಜದಲ್ಲಿ ಅದನ್ನು ಉಜ್ಜಿ ತೆಗೆದಿರುತ್ತಾರೆ. ಮನೆ ಬೀಜ ನಾವೇ ಉಜ್ಜಬೇಕು. ಮೊರದಲ್ಲಿ ಹಾಕಿ ಅಂಗೈಯಿಂದ ತಿಕ್ಕಿದರೆ ಓಂಕಾಳಿನ ಹತ್ತಿರದ ಒಂದು ಘಾಟು ಏಳುತ್ತದೆ. ಘಾಟು ಏಳದ ಬೀಜ ಹಳೆಯದು ಅಂತ ನನ್ನ ಲೆಕ್ಕ, ಇದುವರೆಗೆ ತಪ್ಪಿಲ್ಲ.

ಬಿತ್ತುವುದು ಅಕ್ಟೋಬರ್ ಮೊದಲ ಎರಡು ವಾರದಲ್ಲಿ. ಆಗ ಹಾಕಿದರೆ ಸಂಕ್ರಾಂತಿ ಹೊತ್ತಿಗೆ ಸರಿಯಾಗಿ ಕೀಳಬಹುದು. ಹತ್ತಡಿ ಉದ್ದ, ಮೂರಡಿ ಅಗಲದ ಮಡಿಗೆ ಮೂರು-ನಾಲ್ಕು ಗ್ರಾಂ ಸಾಕು. ಒಂದು ಗ್ರಾಂಗೆ 800ರ ಸುಮಾರು ಬೀಜ ಇರುತ್ತದೆ. ಒಣ ಉಸುಕಿನಲ್ಲಿ ಬೆರೆಸಿ ಸಾಲು ಹಾಕುತ್ತೇನೆ. ಉಸುಕಿನ ಜೊತೆ ಇನ್ನೊಂದು ಪುಡಿಯೂ ಇದೆ, ಇರುವೆ ಹತ್ತಿರ ಬರುವುದಿಲ್ಲ. ಅದು ಇಲ್ಲಿ ಬೇಡ. ಬೀಜ ಒಯ್ಯಲು ಮನೆಗೆ ಬಂದವರಿಗೆ ಹೇಳುತ್ತೇನೆ.

ಹುಟ್ಟುವುದಕ್ಕೆ ಹತ್ತರಿಂದ ಹದಿನೈದು ದಿನ. ಈ ಬೆಳೆಯ ಕಷ್ಟವೆಲ್ಲ ಅಲ್ಲೇ ಇರುವುದು. ಮೇಲಿನ ಅರ್ಧ ಇಂಚು ಮಣ್ಣು ಒಂದು ಮಧ್ಯಾಹ್ನ ಒಣಗಿದರೂ ಮುಗಿಯಿತು. ಎರೆಮಣ್ಣಾದರೆ ಮೇಲೆ ಹೆಪ್ಪುಗಟ್ಟಿ ಮೊಳಕೆ ಒಳಗೇ ಸಾಯುತ್ತದೆ. ಶೇಂಗಾ ಹೊಟ್ಟು ಮುಚ್ಚಿ ನೋಡಿದೆ, ಗಾಳಿಗೆ ಹಾರಿತು. ಹಸಿರು ನೆಟ್ ಕಟ್ಟಿದೆ, 600 ರೂಪಾಯಿ ದಂಡ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಗೋಣಿಚೀಲ. ಚೀಲ ಬಿಚ್ಚಿ, ನೆನೆಸಿ, ಮಡಿ ಮೇಲೆ ಹಾಸಿ ಅದರ ಮೇಲೇ ನೀರು ಚಿಮುಕಿಸುವುದು. ಆರನೇ ದಿನದಿಂದ ಸಂಜೆ ಸಂಜೆ ಮೂಲೆ ಎತ್ತಿ ನೋಡಬೇಕು. ಬಿಳಿ ದಾರದ ಕುಣಿಕೆ ಅಲ್ಲಲ್ಲಿ ಕಂಡ ದಿನವೇ ಸಂಜೆ ಚೀಲ ತೆಗೆದುಬಿಡಿ. ಒಂದು ದಿನ ಹೆಚ್ಚಾದರೆ ಮೊಳಕೆ ಗೋಣಿಯ ಎಳೆಯೊಳಗೆ ಹೊಕ್ಕಿರುತ್ತದೆ, ಎತ್ತಿದರೆ ಬೇರು ಸಮೇತ ಮೇಲೆ ಬರುತ್ತದೆ.

ಇನ್ನು ಕಾಂಗ್ರೆಸ್ ಕಸ. ಎಳೆಯದಿದ್ದಾಗ ಅದರ ಎಲೆಗೂ ಗಜ್ಜರಿ ಎಲೆಗೂ ವ್ಯತ್ಯಾಸ ಸುಲಭಕ್ಕೆ ಗೊತ್ತಾಗುವುದಿಲ್ಲ. ಒಂದು ವರ್ಷ ಕಸ ತೆಗೆಯಲು ಬಂದವಳು ಗಜ್ಜರಿಯೆಲ್ಲ ಕಿತ್ತು ಕಾಂಗ್ರೆಸ್ ಸಾಲನ್ನು ಚಂದ ಉಳಿಸಿ ಹೋದಳು, 300 ರೂಪಾಯಿ ಕೂಲಿ ಬೇರೆ. ಈಗ ಗಜ್ಜರಿ ಸಾಲಿನಲ್ಲೇ ಅಲ್ಲೊಂದು ಇಲ್ಲೊಂದು ಮೂಲಂಗಿ ಬೀಜ ಬಿಡುತ್ತೇನೆ. ಅದು ನಾಲ್ಕೇ ದಿನಕ್ಕೆ ಹುಟ್ಟಿ ಸಾಲು ತೋರಿಸುತ್ತದೆ. ಆಚೆ ಈಚೆ ಇರುವುದೆಲ್ಲ ಕಸ.

ಜವಾರಿಯಲ್ಲಿ ನನಗೆ ನಿಜವಾಗಿ ಲಾಭ ಆದದ್ದು ಬೀಜದಲ್ಲಿ. ಊಟಿ ಕಡೆ ಬೆಳೆಯುವ ಕಿತ್ತಳೆ ಬಣ್ಣದ ನ್ಯಾಂಟಿಸ್ ಥರದವು ಹೂ ಬಿಡಬೇಕಾದರೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ನಮ್ಮ ಊರಲ್ಲಿ ಅಷ್ಟು ಚಳಿ ಎಲ್ಲಿ? ಜವಾರಿ ಕೆಂಪಿಗೆ ಇಲ್ಲಿನ ಚಳಿಗಾಲ ಸಾಕು. ಜನವರಿಯಲ್ಲಿ ಕಿತ್ತಾಗ ನೆಟ್ಟಗಿರುವ, ಸೀಳದ ಗಡ್ಡೆ ಆರಿಸಿ ಎಲೆಯನ್ನು ಎರಡು ಬೆರಳು ಉಳಿಸಿ ಕತ್ತರಿಸುತ್ತೇನೆ. ಕೆಳಗಿನ ಮೂರನೇ ಒಂದು ಭಾಗವನ್ನೂ ಕತ್ತರಿಸಿ ಗಡ್ಡೆಯ ನಡುವಿನ ಬಣ್ಣ ನೋಡುತ್ತೇನೆ. ಕತ್ತರಿಸಿದ ತುಂಡು ಬಾಯಿಗೆ. ಸಿಹಿ ಇಲ್ಲದ್ದು, ನಡುವೆ ಬೆಳ್ಳಗೆ ಕಟ್ಟಿಗೆ ಥರ ಇರುವುದು ಪಲ್ಯಕ್ಕೆ. ಉಳಿದವಕ್ಕೆ ಗಾಯದ ಜಾಗಕ್ಕೆ ಬೂದಿ ಹಚ್ಚಿ, ಒಂದೂವರೆ ಅಡಿಗೆ ಒಂದರಂತೆ ಮತ್ತೆ ನೆಡುತ್ತೇನೆ.

ಮೊದಲ ಸಲ ನೆಟ್ಟದ್ದನ್ನು ಹೆಗ್ಗಣ ತಿಂದು ಹೋಯಿತು. ಮರುವರ್ಷ ಕೆಳಗೆ ಕೋಳಿ ಜಾಳಿಗೆ ಹಾಕಿದೆ, ಅದೊಂದು 400. ಆಮೇಲೆ ತೊಂದರೆ ಇಲ್ಲ. ಮಾರ್ಚ್‌ನಲ್ಲಿ ಎದೆಮಟ್ಟ ಬೆಳೆದು ಬಿಳಿ ಹೂ ಬಿಡುತ್ತದೆ. ಜೇನು, ನೊಣ, ಗುಲಗಂಜಿ ಹುಳ ಎಲ್ಲ ಅಲ್ಲೇ. ಒಣಗುತ್ತಾ ಬಂದಂತೆ ಹೂಗೊಂಚಲು ಒಳಕ್ಕೆ ಮುದುಡಿ ಗುಬ್ಬಿ ಗೂಡಿನ ಹಾಗೆ ಆಗುತ್ತದೆ. ನೆತ್ತಿಯ ಗೊಂಚಲು ಮೊದಲು ಮಾಗುತ್ತದೆ, ಅದರ ಬೀಜವೇ ದಪ್ಪ. ಅದನ್ನು ನಾನು ಬೇರೆ ಇಡುತ್ತೇನೆ. ಪಕ್ಕದ ಕೊಂಬೆಗಳ ಬೀಜ ಹಂಚುವುದಕ್ಕೆ. (ಹಂಚಿಸಿಕೊಂಡವರು ಇದನ್ನು ಓದಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದೂ ಹುಟ್ಟುತ್ತದೆ.)

ಒಂದೆರಡೇ ಗಿಡದ ಬೀಜ ಹಿಡಿಯಬೇಡಿ. ಗಜ್ಜರಿ ಪರಪರಾಗದ ಬೆಳೆ, ಅಂದರೆ ಒಂದು ಗಿಡದ ಪರಾಗ ಇನ್ನೊಂದಕ್ಕೆ ಬಿದ್ದು ಬೀಜ ಕಟ್ಟುವಂಥದ್ದು, ಕಡಿಮೆ ಗಿಡದಿಂದ ಬೀಜ ಹಿಡಿದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ನನ್ನ ಜಾಗಕ್ಕೆ ಹದಿನೈದು-ಇಪ್ಪತ್ತು ಗಿಡಕ್ಕಿಂತ ಜಾಸ್ತಿ ಆಗುವುದಿಲ್ಲ. ಅದಕ್ಕೇ ಆಗೀಗ ಬೀಗರ ಹೊಲದ ಬೀಜ ಒಂದಿಷ್ಟು ತಂದು ಸೇರಿಸುತ್ತೇನೆ.

ಸುಮ್ನೆ ಇರಲಾರದೆ ಒಂದು ವರ್ಷ ಎಲೆ ಸಮೇತ ಸಿಕ್ಕ ಊಟಿ ಗಜ್ಜರಿಯನ್ನು ಹಸಿ ಉಸುಕಿನ ಡಬ್ಬದಲ್ಲಿ ಎರಡು ತಿಂಗಳ ಹತ್ತಿರ ಫ್ರಿಜ್‌ನಲ್ಲಿಟ್ಟೆ. ತರಕಾರಿ ಇಡುವ ಕಡೆ ಜಾಗವೇ ಇಲ್ಲದೆ ಮನೆಯಲ್ಲಿ ಜಗಳ. ಆಮೇಲೆ ನೆಟ್ಟರೆ ಹೂ ಬಂದೇ ಬಂತು! ಬಿಸಿಲು ಹೆಚ್ಚಿ ಬೀಜ ಕಟ್ಟಿದ್ದು ಸ್ವಲ್ಪ. ಆದರೆ ಅಷ್ಟರಲ್ಲಿ ಪಕ್ಕದ ಜವಾರಿಗೂ ಅದರ ಪರಾಗ ಬಿದ್ದಿತ್ತು. ಮರುವರ್ಷ ಒಂದೇ ಸಾಲಿನಲ್ಲಿ ಮಾಸಲು ಹಳದಿ, ಕಿತ್ತಳೆ, ಕೆಂಪು ಎಲ್ಲ ಬಂತು, ರುಚಿ ಯಾವುದಕ್ಕೂ ಇಲ್ಲ. ಕಾಕಾನ ಎಮ್ಮೆಗೆ ಹಬ್ಬ. ಬೀಗರ ಬೀಜ ಇದ್ದದ್ದಕ್ಕೆ ತಳಿ ಉಳಿಯಿತು.

ಪೂಸಾ ಕೇಸರ್ ಕೂಡ ಒಂದು ಸಾಲು ಹಾಕಿದ್ದೆ. ನಮ್ಮ ದೇಶದ ಕೆಂಪು ತಳಿಗೂ ನ್ಯಾಂಟಿಸ್ ಹಾಫ್ ಲಾಂಗ್‌ಗೂ ಬೆರಕೆ ಮಾಡಿ ತೆಗೆದದ್ದು ಅದು, ಬೀಜವೂ ಇಲ್ಲೇ ಆಗುತ್ತದೆ. ಬಣ್ಣ, ಆಕಾರ ನನ್ನದಕ್ಕಿಂತ ಒಂದೇ ಸಮ. ಸುಳ್ಳು ಯಾಕೆ ಹೇಳಲಿ. ಆದರೆ ಭೋಗಿಯ ಬೆರಕೆ ಪಲ್ಯಕ್ಕೆ ಸಜ್ಜಿ ರೊಟ್ಟಿ ಜೊತೆ ಎರಡನ್ನೂ ಬಡಿಸಿದಾಗ ಎಲ್ಲರೂ ಕೇಳಿದ್ದು ಜವಾರಿಯದನ್ನೇ.

ಈ ಸಲ ಎರಡು ಮಡಿಗೆ ಹದಿನಾರು-ಹದಿನೇಳು ಕಿಲೋ ಬಂತು. ಖರ್ಚು ಬೇವಿನ ಹಿಂಡಿ, ಗೊಬ್ಬರ ಸೇರಿ 400 ದಾಟಿಲ್ಲ. ಬೀಜ 100 ಗ್ರಾಂ ಮೇಲೆ ಸಿಕ್ಕಿದೆ. ಹತ್ತು ಗ್ರಾಂಗೆ 50 ರೂಪಾಯಿಯಂತೆ ಕೆಲವರು ಒಯ್ದರು, ಉಳಿದದ್ದು ಬದಲಿಗೆ ಬದಲಿ. ಮಿಕ್ಕಿದ ಹಳೆಯ ಬೀಜ ಚೆಲ್ಲುವುದಿಲ್ಲ. ಒಂದು ಮೂಲೆಯಲ್ಲಿ ದಟ್ಟವಾಗಿ ಎರಚಿಬಿಡುತ್ತೇನೆ. ಹುಟ್ಟಿದಷ್ಟು ಹುಟ್ಟಲಿ, ಎಳೆ ತಪ್ಪಲು, ಅಂದರೆ ಸೊಪ್ಪು, ಕಡಲೆಹಿಟ್ಟಿನ ಜೊತೆ ಝುಣಕಕ್ಕೆ ಬಹಳ ಚಲೋ.