ಕರಾವಳಿ ಹಿತ್ತಲಲ್ಲಿ ಮೊದಲು ಮಳೆ ನೋಡಿ, ಆಮೇಲೆ ಬೀಜ ಹಾಕಿ

ಬೆಂಗಳೂರಿನವರ ಟೆರೇಸ್ ಗಾರ್ಡನ್ ವಿಡಿಯೋ ನೋಡಿ ಜೂನಲ್ಲಿ ಟೊಮೇಟೊ ನೆಡ್ಲಿಕ್ಕೆ ಹೊರಟ್ರೆ ಮಂಗಳೂರು, ಉಡುಪಿ ಕಡೆ ಅದು ಆಗುವ ಕೆಲಸ ಅಲ್ಲ ಮಾರಾಯ್ರೆ. ಬೆಂಗಳೂರಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ನಮಗೆ ಹೆಚ್ಚುಕಮ್ಮಿ ಜುಲೈ ಒಂದೇ ತಿಂಗಳಲ್ಲಿ ಸುರಿತದೆ. ಹಾಗಾಗಿ ನಮ್ಮಲ್ಲಿ ಟೈಮ್ ಸರಿ ಆದ್ರೆ ಅರ್ಧ ಕೆಲಸ ಆಯ್ತು, ಗೊಬ್ಬರದ ಮಾತು ಆಮೇಲೆ.

ಪತ್ತನಾಜೆ ಹೊತ್ತಿಗೆ, ಅಂದ್ರೆ ಮೇ ಕೊನೆಗೆ, ಬೆಂಡೆ, ಹೀರೆ, ಹಾಗಲ, ಮುಳ್ಳುಸೌತೆ ಬೀಜ ಹಾಕಿಬಿಡಿ. ಜಡಿಮಳೆ ಹಿಡಿಯುವಷ್ಟರಲ್ಲಿ ಗಿಡ ಗೇಣುದ್ದ ಆಗಿ ಬೇರು ಹಿಡಿದಿರ್ಬೇಕು, ಮಳೆ ಶುರುವಾದ ಮೇಲೆ ಹಾಕಿದ್ರೆ ಬೀಜ ಕೊಳೆತೇ ಹೋಗ್ತದೆ. ಕೆಸು, ಅರಸಿನ, ಸುವರ್ಣಗಡ್ಡೆಗೆ ಅಷ್ಟು ಉಪಚಾರ ಬೇಡ, ನೀರು ನಿಲ್ಲದ ಜಾಗ ಇದ್ರೆ ಸಾಕು. ಹರಿವೆ, ಅಲಸಂಡೆ, ಮೆಣಸು, ಟೊಮೇಟೊ ಎಲ್ಲ ನವರಾತ್ರಿ ಕಳೆದ ಮೇಲೆ. ಗುಳ್ಳ (ದುಂಡಗಿನ ಬದನೆ) ಬೇಕಿದ್ರೆ ಸೆಪ್ಟೆಂಬರಲ್ಲಿ ಸಸಿ ಮಾಡಿಕೊಂಡು ಮಳೆ ಕಮ್ಮಿಯಾದಾಗ ನೆಡಿ. ಉಡುಪಿ ಹತ್ರದ ಮಟ್ಟು ಊರಿನ ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ಅಂತ ಗುರುತಿಸುವ ಭೌಗೋಳಿಕ ಸೂಚಕ) ಸಿಕ್ಕಿದೆ, ಆದ್ರೆ ಆ ರುಚಿ ಮಟ್ಟುವಿನ ಮಣ್ಣಿನದ್ದು, ನಿಮ್ಮ ಗ್ರೋ ಬ್ಯಾಗಲ್ಲಿ ಗುಳ್ಳ ಆಗ್ತದೆ, ಮಟ್ಟು ಗುಳ್ಳ ಆಗ್ಲಿಕ್ಕಿಲ್ಲ.

ಬಸಳೆ ಮತ್ತೆ ತೊಂಡೆಗೆ ಬೀಜ ಹುಡುಕ್ಬೇಡಿ. ಪಕ್ಕದ ಮನೆಯಿಂದ ಬಲಿತ ಬಳ್ಳಿ ಒಂದು ಅಡಿ ಕೇಳಿ ತನ್ನಿ, ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಊರಿ, ಚಪ್ಪರ ಮಾತ್ರ ಗಟ್ಟಿ ಬೇಕು.

ಈಗ ಮಣ್ಣು. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿ, ಸಾರ ಎಲ್ಲ ಮಳೆಗೆ ತೊಳೆದು ಹೋಗಿರ್ತದೆ, ಅದಕ್ಕೇ ಎಷ್ಟು ಗೊಬ್ಬರ ಹಾಕಿದ್ರೂ ಗಿಡ ಏಳೋದಿಲ್ಲ ಅಂತ ಸುಮಾರು ಜನ ಹೇಳೋದು. ನೆಡುವ ಎರಡು ವಾರ ಮೊದ್ಲೇ ಒಂದು ಬ್ಯಾಗಿಗೆ ಒಂದು ಮುಷ್ಟಿ ಚಿಪ್ಪಿನ ಸುಣ್ಣ ಬೆರೆಸಿ ಇಡಿ, ಸುಣ್ಣ ಮತ್ತು ಸೆಗಣಿ ಗೊಬ್ಬರ ಒಟ್ಟಿಗೆ ಹಾಕ್ಬೇಡಿ, ಸಾರಜನಕ ಗಾಳಿಗೆ ಹೋಗ್ತದೆ. ಆಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಹೊಯಿಗೆ (ಮರಳು). ಕೊಕೊಪೀಟ್ ಬೇಸಿಗೆಗೆ ಒಳ್ಳೆದು, ಮಳೆಗಾಲಕ್ಕೆ ಜಾಸ್ತಿ ಹಾಕಿದ್ರೆ ನೀರು ಹಿಡಿದು ಬೇರು ಕೊಳೀತದೆ. ಬ್ಯಾಗನ್ನು ನೆಲಕ್ಕೆ ತಾಗಿಸ್ಬೇಡಿ, ಎರಡು ಇಟ್ಟಿಗೆ ಮೇಲೆ ಇಡಿ.

ಮಲ್ಲಿಗೆ ವಿಷಯ ಬೇರೆಯೇ. ಮಲ್ಲಿಗೆಗೆ ಹೆಸರಾದ ಉಡುಪಿ ಕಡೆಯ ಶಂಕರಪುರದವರ ಹಾಗೆ ತೋಟ ಮಾಡ್ಬೇಕಂತಿಲ್ಲ, ಇಡೀ ದಿನ ಬಿಸಿಲು ಬೀಳುವ ಟೆರೇಸ್ ಇದ್ರೆ ನಾಲ್ಕು ಚಟ್ಟಿಯಲ್ಲೂ ದೇವರಿಗೆ ಸಾಕಾಗುವಷ್ಟು ಹೂ ಬರ್ತದೆ. ನೆರಳಲ್ಲಿಟ್ರೆ ಬರೀ ಎಲೆ. ನೆಲಕಡಲೆ ಹಿಂಡಿ ನಾಲ್ಕೈದು ದಿನ ನೆನೆಸಿ, ಚೆನ್ನಾಗಿ ನೀರು ಸೇರಿಸಿ ಬುಡಕ್ಕೆ ಹಾಕಿ (ವಾಸನೆಗೆ ಮನೆಯವರು ಬೈತಾರೆ, ಸಂಜೆ ಹಾಕಿ). ಮಳೆ ಬಿಟ್ಟ ಮೇಲೆ ಸವರಿದ್ರೆ ಹೊಸ ಚಿಗುರಲ್ಲೇ ಮೊಗ್ಗು. ಎಲೆಚುಕ್ಕೆ ಬಂದ್ರೆ ಅಡಿಕೆಗೆ ಬಿಡುವ ಶಿಲೀಂಧ್ರನಾಶಕ ಬೋರ್ಡೋ ದ್ರಾವಣವೇ ಇದಕ್ಕೂ ಆಗ್ತದೆ: ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತು (ಕಾಪರ್ ಸಲ್ಫೇಟ್), 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ಚೂರಿ ಅದ್ದಿದಾಗ ಕೆಂಪು ಹಿಡಿದ್ರೆ ಇನ್ನೂ ಸುಣ್ಣ ಬೇಕಂತ ಲೆಕ್ಕ. ಅದೇ ದಿನ ಬಳಸಿ ಮುಗಿಸಿ.

ಅಂದಕ್ಕೆ ಆಂಥೂರಿಯಂ, ಆರ್ಕಿಡ್ ನಮ್ಮ ಶೆಕೆಗೆ ಹೇಳಿ ಮಾಡಿಸಿದ್ದು, ತೆಂಗಿನ ಸಿಪ್ಪೆ ಚೂರಲ್ಲಿ ಚಂದ ಬರ್ತವೆ. ಅಡೇನಿಯಂ ಮಾತ್ರ ಮಳೆಗಾಲ ಪೂರ್ತಿ ಮಾಡಿನ ಕೆಳಗೇ ಇರ್ಲಿ, ನೀರು ತೀರ ಕಮ್ಮಿ.

ಹಣ್ಣಲ್ಲಿ ಪಪ್ಪಾಯಿಯನ್ನು ದಿಬ್ಬ ಮಾಡಿ ನೆಡಿ, ಬುಡದಲ್ಲಿ ಒಂದೆರಡು ದಿನ ನೀರು ನಿಂತ್ರೂ ಗಿಡ ಹೋಗ್ತದೆ. ರಂಬುಟಾನ್ ತಿಂದು ಬೀಜ ಊರ್ಬೇಡಿ, ಗಂಡು ಮರ ಆದ್ರೆ ವರ್ಷಗಟ್ಟಲೆ ಕಾದು ಹಣ್ಣೇ ಇಲ್ಲ, ಕಸಿ ಗಿಡವೇ ತಗೊಳ್ಳಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದ್ರೆ ಗಿಡದ ಜೊತೆ ಸಲಹೆಯೂ ಉಂಟು, ಮೇ ತಿಂಗಳಲ್ಲೇ ಹೋಗಿ ಬನ್ನಿ.